ಸಾಹುಕಾರರು ಸ್ಮ್ಯಾಶರ್ ಆರಿಸಿದ್ದು

ನಮ್ಮ ಕೊಟ್ಟೂರಿನ ವಾಲಿಬಾಲ್ ತಂಡಕ್ಕೆ ಒಬ್ಬ ಯಜಮಾನರಿದ್ದರು. ತಂಡಕ್ಕೆ ತರಬೇತು ಕೊಡುವವರಿರಲಿಲ್ಲ, ಪೆಟ್ಟಾದರೆ ನೋಡುವವರಿರಲಿಲ್ಲ, ಆರು ಜನಕ್ಕೆ ಸರಿಯಾಗಿ ಆರು ಜೊತೆ ಬೂಟೂ ಇರಲಿಲ್ಲ. ಆದರೆ ಯಜಮಾನರು ಇದ್ದರು. ಶೇಂಗಾ ಮಿಲ್ಲಿನ ಸಾಹುಕಾರರು. ಬಾಲು ಅವರದು, ನೆಟ್ಟು ಅವರದು, ನೆಟ್ಟಿನ ಎರಡು ಕಂಬಗಳು ಅವರ ಮಿಲ್ಲಿನ ಹಳೆಯ ಪೈಪು, ಆಡುವ ಅಂಗಳ ಅವರ ಶೇಂಗಾ ಒಣಗಿಸುವ ಕಣ. ಇಷ್ಟೆಲ್ಲ ಕೊಟ್ಟವರು ತಮಗಾಗಿ ಒಂದೇ ಒಂದು ಹಕ್ಕು ಇಟ್ಟುಕೊಂಡಿದ್ದರು: ತಂಡಕ್ಕೆ ಹೊಸಬರು ಯಾರು ಬರಬೇಕೆಂಬುದನ್ನು ತಾವೇ ತೀರ್ಮಾನಿಸುವುದು. ಆ ಹಕ್ಕನ್ನು ಅವರು ಹತ್ತು ವರ್ಷ ಬಹಳ ಜೋಪಾನವಾಗಿ ಕಾಪಾಡಿಕೊಂಡು ಬಂದರು. ಎಷ್ಟು ಜೋಪಾನವೆಂದರೆ, ಒಮ್ಮೆಯೂ ಅದನ್ನು ಬಳಸಲಿಲ್ಲ.

ಇದು ತೊಂಬತ್ತರ ದಶಕದ ಮಾತು. ಸಂಕ್ರಾಂತಿಗೆ ಕಣ ಖಾಲಿಯಾಯಿತೆಂದರೆ ಆಟ ಶುರು. ಯುಗಾದಿ ದಾಟಿ ಬಿಸಿಲು ತಲೆಗೇರುವ ತನಕ ಸುತ್ತಲ ಊರುಗಳಲ್ಲಿ ಟೂರ್ನಮೆಂಟು. ಆಮೇಲೆ ಏಳೆಂಟು ತಿಂಗಳು ವಿರಾಮ. ಕಪ್ಪು ಗೆಲ್ಲುವುದು ಟೂರ್ನಮೆಂಟಿನಲ್ಲಲ್ಲ, ಈ ವಿರಾಮದಲ್ಲಿ ಎಂಬುದು ನಮ್ಮ ಭಾಗದ ಬಲ್ಲವರ ಮಾತು. ಹರಪನಹಳ್ಳಿಯವರು ದಾವಣಗೆರೆ ಕಡೆಯಿಂದ ಒಬ್ಬ ಎತ್ತರದವನನ್ನು ಕರೆತಂದು ಇರಲು ಮನೆ ನೋಡಿಕೊಡುತ್ತಿದ್ದರು. ಕೂಡ್ಲಿಗಿಯವರು ಯಾರನ್ನೋ ಎಲ್ಲಿಂದಲೋ ಎಬ್ಬಿಸಿಕೊಂಡು ಬಂದು, ಅವನು ಹುಟ್ಟಿದ್ದೇ ಕೂಡ್ಲಿಗಿಯಲ್ಲಿ ಎನ್ನುತ್ತಿದ್ದರು. ಹಡಗಲಿಯವರು ಇಬ್ಬರು ಅಣ್ಣತಮ್ಮಂದಿರನ್ನೇ ತಂದಿದ್ದರು. ನಮ್ಮ ಸಾಹುಕಾರರು ಕಂಬಕ್ಕೆ ಬಣ್ಣ ಹೊಡೆಸುತ್ತಿದ್ದರು. ಒಂದು ವರ್ಷ ಹಸಿರು, ಮರುವರ್ಷ ನೀಲಿ. ಒಮ್ಮೆ ಮಾತ್ರ ಎದೆ ಗಟ್ಟಿ ಮಾಡಿಕೊಂಡು ಹೊಸ ಸೀಟಿ ತರಿಸಿದರು.

ನಾನು ಆಗ ಊರ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ನನ್ನ ಕೈಯಲ್ಲಿ ಬಾಲು ನಿಲ್ಲುತ್ತಿರಲಿಲ್ಲವಾದ್ದರಿಂದ ಅಭಿಮಾನಿಯಾಗಿದ್ದೆ. ಬಸ್‌ಸ್ಟ್ಯಾಂಡಿನ ಹಿಂದಿನ ಟೇಲರ್ ಅಂಗಡಿ ನಮ್ಮ ಶಾಸನಸಭೆ. ಅಲ್ಲಿ ಟೇಲರ್ ಸಾಹೇಬರು ಮಿಷನ್ ತುಳಿಯುತ್ತ, ನಾವು ನಾಲ್ಕಾರು ಮಂದಿ ಮಂಡಕ್ಕಿ ಒಗ್ಗರಣೆ ಮೆಲ್ಲುತ್ತ, ಮಳೆಗಾಲವಿಡೀ ಸಾಹುಕಾರರ ಮೇಲೆ ಖಂಡನಾ ನಿರ್ಣಯ ಮಂಡಿಸಿ ಸರ್ವಾನುಮತದಿಂದ ಅಂಗೀಕರಿಸುತ್ತಿದ್ದೆವು. ಸಂಜೆ ಸಾಹುಕಾರರು ಆ ಹಾದಿಯಲ್ಲಿ ಬಂದರೆ ಎಲ್ಲರೂ ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದೆವು. ಖಂಡನೆ ಖಂಡನೆಯೇ, ಮರ್ಯಾದೆ ಮರ್ಯಾದೆಯೇ.

ನನಗೆ ಇದರಲ್ಲಿ ಸ್ವಂತದ ನೋವೂ ಇತ್ತು. ತಂಡದ ಲಿಫ್ಟರ್ ನಮ್ಮ ಭಾವ, ಅಂದರೆ ಅಕ್ಕನ ಗಂಡ. ಲಿಫ್ಟರ್ ಎಂದರೆ ಬಂದ ಬಾಲನ್ನು ಬೆರಳ ತುದಿಯಿಂದ ನೆಟ್ಟಿನ ಪಕ್ಕಕ್ಕೆ ಮೃದುವಾಗಿ ಎತ್ತಿ ಕೊಡುವವ. ಹಾರಿ ಅದನ್ನು ಎದುರಾಳಿಯ ನೆಲಕ್ಕೆ ಬಡಿಯುವವ ಸ್ಮ್ಯಾಶರ್. ಒಬ್ಬ ಅಡುಗೆ ಮಾಡುವವ, ಇನ್ನೊಬ್ಬ ಉಣ್ಣುವವ. ಭಾವ ಹನ್ನೆರಡು ವರ್ಷ ಮೃಷ್ಟಾನ್ನ ಬಡಿಸಿದರು. ಉಣ್ಣುವವರು ಮಾತ್ರ ಬರಲಿಲ್ಲ. ನಮ್ಮ ಸ್ಮ್ಯಾಶರ್ ಮಿಲ್ಲಿನ ಹಮಾಲರ ಮುಖಂಡ. ಬಹಳ ಗಟ್ಟಿ ಆಳು, ಒಳ್ಳೆಯ ಮನುಷ್ಯ. ಆದರೆ ಮೂಟೆ ಇಳಿಸಿ ಇಳಿಸಿ ಅವನ ಕೈಗೆ ಯಾವುದನ್ನೂ ಬಡಿಯುವ ಮನಸ್ಸಿರಲಿಲ್ಲ. ಬಾಲನ್ನು ಎದುರಿನವರ ಅಂಗಳದಲ್ಲಿ ಹುಷಾರಾಗಿ ಇಟ್ಟು ಬರುತ್ತಿದ್ದ. ಭಾವನಿಗೆ ಮೂವತ್ತೆಂಟು ದಾಟಿತ್ತು. ಸೈಕಲ್ ಶಾಪಿನಲ್ಲಿ ಕುಕ್ಕರಗಾಲಲ್ಲಿ ಕೂತು ಪಂಕ್ಚರ್ ಹಾಕಿ ಹಾಕಿ, ಕಣದಲ್ಲಿ ಎಗರಿ ಎಗರಿ, ಬಲ ಮೊಣಕಾಲು ಪ್ರತಿ ಪಂದ್ಯದ ನಂತರ ಬೆಲ್ಲದುಂಡೆಯ ಹಾಗೆ ಊದಿಕೊಳ್ಳುತ್ತಿತ್ತು.

ಸಾಹುಕಾರರು ಹೊಸಬರನ್ನು ಹುಡುಕುತ್ತಿರಲಿಲ್ಲ ಎಂದರೆ ಅನ್ಯಾಯವಾದೀತು. ಹುಡುಕುತ್ತಿದ್ದರು. ಆದರೆ ಶೇಂಗಾ ಕೊಳ್ಳುವ ಹಾಗೆ ಹುಡುಕುತ್ತಿದ್ದರು. ಶೇಂಗಾ ವ್ಯಾಪಾರದಲ್ಲಿ ಅವರ ಹೆಸರಿದ್ದದ್ದೇ ಒಂದು ಪದ್ಧತಿಗೆ: ಮೂಟೆಯ ಮೇಲಿನ ಕಾಯಿ ಮುಟ್ಟುತ್ತಿರಲಿಲ್ಲ. ಅಂಗಿಯ ತೋಳು ಮಡಚಿ ತಳದ ತನಕ ಕೈ ಇಳಿಸಿ, ಅಲ್ಲಿಂದ ಒಂದು ಹಿಡಿ ತೆಗೆದು, ಒಡೆದು, ಬೀಜ ಕಚ್ಚಿ ನೋಡಿ ಆಮೇಲೆ ಮಾತು. "ಮ್ಯಾಲಿನ ಕಾಯಿ ಎಲ್ಲಾರೂ ಚಲೋನ ಇಟ್ಟಿರ್ತಾರ್ರಿ. ಮನುಷ್ಯಾಗೂ ತಳ ಅಂತ ಇರ್ತೈತಿ," ಎನ್ನುತ್ತಿದ್ದರು. ಹಾಗಾಗಿ ಆಟಗಾರನನ್ನು ನೋಡಲು ಪಂದ್ಯದ ದಿನ ಹೋಗುತ್ತಿರಲಿಲ್ಲ. ಪಂದ್ಯ ಮೇಲಿನ ಕಾಯಿ. ಯಾವುದೋ ಸಂತೆಯ ದಿನ, ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ಯಾರಿಗೂ ಹೇಳದೆ ಬಸ್ಸು ಹತ್ತಿ ಅವನ ಊರಿಗೆ ಹೋಗಿ, ಅವನು ಉಣ್ಣುವುದು, ನಡೆಯುವುದು, ಮಾತಾಡುವುದನ್ನು ನೋಡಿ ಬರುತ್ತಿದ್ದರು.

ಕೂಡ್ಲಿಗಿಯ ಒಬ್ಬನನ್ನು ನೋಡಿ ಬಂದು ಬೇಡವೆಂದರು. ಯಾಕೆಂದು ಕೇಳಿದ್ದಕ್ಕೆ, "ಅವನ ಚಪ್ಲಿ ನೋಡಿದೆ. ಎಡಗಡಿದು ಅಷ್ಟ ಸವದೈತಿ. ಒಂದ ಕಾಲಾಗ ಜಿಗಿತಾನ. ಇನ್ನೊಂದ್ ಕಾಲಿಗೆ ನಾ ಯಾಕ ಊಟ ಹಾಕ್ಲಿ?" ಎಂದರು.

ನೀಲಗುಂದದವನು ಆಟದಲ್ಲಿ ಬೆಂಕಿ. ಸಾಹುಕಾರರು ಅವನನ್ನು ಒಂದು ಮದುವೆಯ ಪಂಕ್ತಿಯಲ್ಲಿ ನೋಡಿದರು. "ಉಪ್ಪಿನಕಾಯಿ ಮೂರು ಸಲ ನೀಡಿಸ್ಕಂಡ. ನಾಲಿಗಿ ಹಿಡಿತದಾಗ ಇಲ್ಲದಂವ ಕೈ ಹಿಡಿತದಾಗ ಇಡ್ತಾನೇನು? ನೆಟ್ ಮುಟ್ಟಿ ಪಾಯಿಂಟ್ ಕಳೀತಾನ, ಬರ್ಕಳ್ರಿ."

ಬರೆದುಕೊಂಡೆವು. ಆಮೇಲೆ ಕೋಗಳಿಯ ಹುಡುಗ. ಅವನ ಹೆಸರು ಕೇಳಿದರೇ ನಮ್ಮಲ್ಲಿ ಕೆಲವರು ಇವತ್ತಿಗೂ ಎದ್ದು ಹೋಗುತ್ತಾರೆ, ಆದ್ದರಿಂದ ಹೇಳುವುದಿಲ್ಲ. ಅವನು ತಾನಾಗಿಯೇ ನಮ್ಮ ತಂಡಕ್ಕೆ ಬರಲು ಸಿದ್ಧನಿದ್ದ. ಅವನಲ್ಲಿದ್ದ ದೋಷ ಒಂದೇ: ಎಡಗೈಯವನು. "ಎಡಗೈಲೆ ಹೊಡದಾನು, ಹೊಡೀಲಿ," ಎಂದರು ಸಾಹುಕಾರರು ಉದಾರವಾಗಿ. "ನಾಳೆ ನಾಕು ಮಂದಿ ಮುಂದ ಕಪ್ಪೂ ಎಡಗೈಲೆ ಇಸ್ಕಂಡ್ರ? ಊರಿನ ಮಾನ ಏನಾಗ್ಬೇಕು?"

ಕೋಗಳಿಯವನು ಹರಪನಹಳ್ಳಿಗೆ ಹೋದ. ಅದೇ ವರ್ಷದ ಫೈನಲ್ಲಿನಲ್ಲಿ ನಮ್ಮೆದುರಿಗೇ ನಿಂತು, ಬಲಗೈಯವರ ಬಾಲಿಗೆ ಒಗ್ಗಿದ್ದ ನಮ್ಮ ಆರೂ ಜನರನ್ನು ಅತ್ತಿಂದಿತ್ತ ಓಡಾಡಿಸಿ, ಪಂದ್ಯ ಮುಗಿಸಿ, ವೇದಿಕೆ ಹತ್ತಿ ಕಪ್ಪು ತೆಗೆದುಕೊಂಡ. ನಾವು ತಲೆ ಕೆಳಗೆ ಹಾಕಿ ಕೂತಿದ್ದೆವು. ಸಾಹುಕಾರರು ಮಾತ್ರ ಕುರ್ಚಿಯಿಂದ ಅರ್ಧ ಎದ್ದು, ಕಣ್ಣು ಕಿರಿದು ಮಾಡಿ ನೋಡಿ, ತೃಪ್ತಿಯಿಂದ ಕೂತರು.

"ನೋಡಿದ್ರೇನು? ಎಡಗೈಲೇ ಇಸ್ಕಂಡ. ನಾ ಹೇಳಿದ್ದಿಲ್ಲೇನು?"

ಆ ಸಂಜೆ ಭಾವ ಗೋಡೆ ಹಿಡಿದುಕೊಂಡು ಮನೆಯ ಹೊಸ್ತಿಲು ದಾಟಿದ್ದನ್ನು ಅಕ್ಕ ನೋಡಿದಳು. ಅಕ್ಕ ಕೂಗಾಡುವವಳಲ್ಲ. ರೊಟ್ಟಿ ತಟ್ಟುತ್ತಿದ್ದವಳು ತಟ್ಟುತ್ತಲೇ ಹೇಳಿದಳು: "ಮುಂದಿನ ವರ್ಷ ಒಂದು ಆಡ್ರಿ. ಕಪ್ ಬರ್ಲಿ, ಬಿಡ್ಲಿ, ಅಲ್ಲಿಗೆ ಸಾಕು. ಆಮ್ಯಾಲೆ ಬಾಲ್ ಮುಟ್ಟಿದ್ರ ನಾ ತೌರಿಗೆ ಹೋಗ್ತೀನಿ." ತವರು ಎಂದರೆ ನನ್ನ ಮನೆ, ಎರಡು ಓಣಿ ಆಚೆ. ಆದರೂ ಅದು ಸುಪ್ರೀಂ ಕೋರ್ಟಿನ ತೀರ್ಪು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಭಾವ ಕಾಲು ನೀವಿಕೊಳ್ಳುತ್ತ ನನ್ನ ಕಡೆ ನೋಡಿ, "ಒಂದ ವರ್ಷ ಐತಿಲೇ," ಎಂದರು. "ನಾ ಎತ್ತಿದ್ದು ಹೊಡಿಯಾಕ ಒಬ್ಬ ಗಂಡಸು ಸಿಗವಲ್ಲನಲ್ಲೋ. ಬ್ಯಾರೆ ಏನೂ ಬ್ಯಾಡ ನನಗ. ಒಬ್ಬ ಸ್ಮ್ಯಾಶರ್, ಒಂದು ಕಪ್ಪು. ಆಮ್ಯಾಲೆ ನಿಮ್ಮಕ್ಕ ಹೇಳಿದಂಗ ಪಂಕ್ಚರ್ ಹಾಕ್ಕಂಡು ಬಿದ್ದಿರ್ತೀನಿ."

ಇನ್ನು ಸುಮ್ಮನಿರುವುದು ತರವಲ್ಲವೆಂದು ನಾನು ಲೇಖನಿ ಹಿಡಿದೆ. "ಕ್ರೀಡಾಪೋಷಕರೂ ಧರ್ಮಭೀರುಗಳೂ ಆದ ಶ್ರೀಮಾನ್ ಸಾಹುಕಾರರ ಸನ್ನಿಧಾನಕ್ಕೆ" ಎಂದು ಮೊದಲಾಗುವ, ನಾಲ್ಕು ಪುಟದ, ಹದಿನೇಳು ಜನ ಸಹಿ ಹಾಕಿದ ಒಂದು ಮನವಿ. ತಂಡ ಕಟ್ಟುವುದರಲ್ಲಿ ವಿವೇಕವು ಎಷ್ಟು ಅಗತ್ಯವೋ ಸಾಹಸವೂ ಅಷ್ಟೇ ಅಗತ್ಯವೆಂದು ಅದರಲ್ಲಿ ಹಳಗನ್ನಡದ ಸಮೀಪಕ್ಕೆ ಹೋಗಿ ವಾದಿಸಿದ್ದೆ. ನಾನೂ ಟೇಲರ್ ಸಾಹೇಬರೂ ಅದನ್ನು ಒಯ್ದು ಮಿಲ್ಲಿನ ಗದ್ದಿಗೆಯ ಮುಂದೆ ಇಟ್ಟೆವು. ಸಾಹುಕಾರರು ಕನ್ನಡಕ ಹಾಕಿಕೊಂಡು ನಾಲ್ಕೂ ಪುಟ ಓದಿದರು. ಓದಿ ಮಡಚಿದರು.

"ಅಕ್ಷರ ಚಲೋ ಅದಾವ್ರಿ ಮೇಷ್ಟ್ರ. ನಮ್ಮ ಮಿಲ್ಲಿನ ಬೋರ್ಡು ಅಳಿಸಿ ಹೋಗೈತಿ, ಒಂದೀಟು ಬರ್ದುಕೊಡ್ರಿ."

"ವಿಷಯ ಏನ್ ಮಾಡ್ತೀರಿ, ಸಾಹುಕಾರ್ರ?" ಎಂದರು ಟೇಲರ್ ಸಾಹೇಬರು.

"ವಿಷಯ ಐತಲ್ಲ. ನಾ ಬ್ಯಾಡ ಅಂದೀನೇನು? ತಳ ಗಟ್ಟಿ ಇದ್ದಂವ ಒಬ್ಬನ್ನ ಕರ್ಕಂಬರ್ರಿ, ನಾಳೆನ ಹಾಕ್ಕಳ್ಳಾನ. ಅವಸರ ಮಾಡಿ ತಗಂಡವ್ರು ಎಷ್ಟು ಮಂದಿ ಮುಳುಗ್ಯಾರ ಗೊತ್ತೇನ್ರಿ?" ಎಂದು, ಮುಳುಗಿದವರ ಪಟ್ಟಿಯನ್ನು ಮೂರು ತಾಲ್ಲೂಕಿನ ಮಟ್ಟದಲ್ಲಿ ಹೇಳಿ, ಚಹಾ ಕುಡಿಸಿ ಕಳಿಸಿದರು. ಬೋರ್ಡು ನಾನೇ ಬರೆದೆ. ಆ ವಾರ ಕಂಬಗಳಿಗೆ ಹಳದಿ ಬಣ್ಣ ಬಂತು.

ಹುಡುಗ ಸಿಕ್ಕಿದ್ದು ಟೇಲರ್ ಸಾಹೇಬರಿಗೆ. ಮದುವೆಯ ಬಟ್ಟೆ ಮುಟ್ಟಿಸಲು ಮಾಗಳಕ್ಕೆ ಹೋದವರು, ತುಂಗಭದ್ರೆಯ ದಂಡೆಯಲ್ಲಿ ಹುಡುಗರು ಉಸುಕಿನ ಮೇಲೆ ನೆಟ್ ಕಟ್ಟಿ ಆಡುವುದನ್ನು ನೋಡಿದರು. ಬಟ್ಟೆಯ ಗಂಟು ಕೆಳಗಿಟ್ಟರು. ಕೊರಳಲ್ಲಿದ್ದ ಅಳತೆಯ ಟೇಪು ಹಿಡಿದು ಉದ್ದನೆಯ ಹುಡುಗನೊಬ್ಬನ ಹತ್ತಿರ ಹೋದರು. ಮರುದಿನ ಅಂಗಡಿಯಲ್ಲಿ ಮಿಷನ್ ತುಳಿಯುವುದನ್ನೂ ಬಿಟ್ಟು ಎದ್ದು ನಿಂತರು.

"ಮೇಷ್ಟ್ರ, ತೋಳು ಇಪ್ಪತ್ತೇಳು ಇಂಚು! ಮೂವತ್ತು ವರ್ಷ ಅಳತಿ ತಗಂಡೀನಿ, ಇಂಥಾ ತೋಳು ನೋಡಿಲ್ಲ. ಉಸುಕಿನಾಗ ನಿಂತು ನನ್ನ ತಲಿ ಮ್ಯಾಲಿಂದ ಜಿಗದ. ಗಟ್ಟಿ ನೆಲದಾಗ ಬಿಟ್ರ ವಾಪಸ್ ಇಳಿಯಂಗ ಇಲ್ಲ ಅಂವ."

ಹುಡುಗ ಡಿಗ್ರಿ ಮುಗಿಸಿ ಅಪ್ಪನ ಹೊಲ ನೋಡಿಕೊಂಡಿದ್ದ. ಕರೆದರೆ ಬರುತ್ತೇನೆಂದ. ಬಂದ. ಎಂಟು ದಿನ ಅಕ್ಕನ ಮನೆಯಲ್ಲೇ ಇಟ್ಟುಕೊಂಡೆವು. ಬೆಳಗಿನ ಜಾವ ಹೈಸ್ಕೂಲ್ ಮೈದಾನದಲ್ಲಿ, ಸಾಹುಕಾರರ ಕಿವಿಗೆ ಬೀಳದ ಹಾಗೆ, ಭಾವ ಅವನಿಗೆ ಬಾಲು ಎತ್ತಿ ಕೊಟ್ಟರು. ಮೊದಲ ಬಾಲನ್ನು ಅವನು ಹೊಡೆದಾಗ ಅದು ನೆಲಕ್ಕೆ ಬಿದ್ದು ಪುಟಿದು ಶಾಲೆಯ ಹೆಂಚಿನ ಮೇಲೆ ಹೋಗಿ ಕೂತಿತು. ಭಾವ ಎತ್ತಿದ ಕೈಗಳನ್ನು ಇಳಿಸಲಿಲ್ಲ. ಹಾಗೇ ನಿಂತಿದ್ದರು. ಅವತ್ತು ಮನೆಯಲ್ಲಿ ಭಾವ ಎರಡು ರೊಟ್ಟಿ ಹೆಚ್ಚಿಗೆ ಉಂಡರೆಂದು ಅಕ್ಕನೇ ನನಗೆ ಹೇಳಿದಳು.

ಇನ್ನು ಉಳಿದದ್ದು ಸಾಹುಕಾರರ ಪರೀಕ್ಷೆ. ಇಷ್ಟು ವರ್ಷ ಮಕ್ಕಳನ್ನು ಪರೀಕ್ಷೆಗೆ ಕೂಡಿಸಿದ ಅನುಭವ ನನಗಿತ್ತು. ಹಳೆಯ ಪ್ರಶ್ನೆಪತ್ರಿಕೆಗಳೆಲ್ಲ ಬಾಯಿಪಾಠವಾಗಿದ್ದವು. ಪಾಠಪಟ್ಟಿ ತಯಾರಿಸಿದೆ. ಮೊದಲಿಗೆ ಎರಡೂ ಸಮನಾಗಿರುವ ಹೊಸ ಚಪ್ಪಲಿ. ಉಪ್ಪಿನಕಾಯಿ ಕಣ್ಣೆತ್ತಿ ನೋಡಬಾರದು. ಕೊಡುವುದು ತೆಗೆದುಕೊಳ್ಳುವುದೆಲ್ಲ ಬಲಗೈಯಲ್ಲಿ. ಮನೆಯ ಗೂಟಕ್ಕೆ ತೂಗುಹಾಕಿ ಬಂದಿದ್ದ ಲಿಂಗದ ಕರಡಿಗೆಯನ್ನು ಮಾಗಳದಿಂದ ತರಿಸಿ, ಅಂಗಿಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಎದೆಗೆ ಕಟ್ಟಿಸಿದೆವು. ಹಣೆಗೆ ವಿಭೂತಿ. ಹಿರಿಯರು ಬಂದರೆ ಏಳಬೇಕು, ಹೇಳಿದ್ದಕ್ಕೆ ಎದುರಾಡಬಾರದು. ಆಟದ ಮಾತು ತಾನಾಗಿ ಎತ್ತಬಾರದು, ಅದು ಚಪಲ. ಕೊನೆಯ ಪಾಠ, ನನ್ನ ಬುದ್ಧಿಯ ಕಿರೀಟ: ಶೇಂಗಾ ಮೂಟೆ ಮುಂದೆ ಬಂದರೆ ತಳಕ್ಕೆ ಕೈ ಹಾಕಬೇಕು.

ನಿರೀಕ್ಷಿಸಿದಂತೆ ಸಾಹುಕಾರರು ಹೇಳದೆ ಕೇಳದೆ ಊಟದ ಹೊತ್ತಿಗೆ ಅಕ್ಕನ ಮನೆಗೆ ಬಂದರು. ಹುಡುಗ ಗಂಗಾಳ ಬಿಟ್ಟು ಎದ್ದು ನಿಂತ. ಉಪ್ಪಿನಕಾಯಿ ಬೇಡವೆಂದ. ಸಾಹುಕಾರರು ಹೊರಗೆ ಹೋಗಿ ಚಪ್ಪಲಿ ನೋಡಿ ಬಂದರು. ಮರುದಿನ ಅವನನ್ನು ಮಿಲ್ಲಿಗೆ ಕರೆಸಿದರು. ನಾವೂ ಹಿಂದೆ ಹೋದೆವು. ಮೂಲೆಯಲ್ಲೊಂದು ಮೂಟೆ ಬಾಯಿ ತೆರೆದು ನಿಂತಿತ್ತು. "ಕಾಯಿ ಹೆಂಗ ಅದಾವ ನೋಡಪ," ಎಂದರು ಸಾಹುಕಾರರು, ಬೇರೆ ಕಡೆ ನೋಡುತ್ತ. ಹುಡುಗ ಅಂಗಿಯ ತೋಳು ಮಡಚಿ ಕೈ ಇಳಿಸಿದ. ಇಪ್ಪತ್ತೇಳು ಇಂಚೂ ಒಳಗೆ ಹೋಯಿತು. ಬೇರೆ ಯಾವ ಮನುಷ್ಯನ ಕೈಗೂ ಎಟುಕದ ತಳದಿಂದ ಒಂದು ಹಿಡಿ ತೆಗೆದು, ಒಡೆದು, ಕಚ್ಚಿ, "ಒಂದೀಟು ಹಸಿ ಅದಾವ್ರಿ," ಎಂದ. ಸಾಹುಕಾರರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಕಂಡೆ. ಮೇಲಂತಸ್ತಿನ ಕಿಟಕಿಯಲ್ಲಿ ಅವರ ಒಬ್ಬಳೇ ಮಗಳು ನಿಂತಿದ್ದಳು. ಅದನ್ನೂ ಕಂಡೆ, ಆದರೆ ಕನ್ನಡ ಮೇಷ್ಟ್ರಾಗಿದ್ದೂ ಎರಡನ್ನೂ ಕೂಡಿಸಿ ಓದಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಸಾಹುಕಾರರೇ ನನ್ನ ಮನೆಗೆ ಬಂದರು.

"ಹುಡುಗ ಒಪ್ಪಿಗಿ ಆದ್ನ್ರಿ ಮೇಷ್ಟ್ರ. ಹತ್ತು ವರ್ಷ ಹುಡುಕಿದೆ, ಇಂಥಾ ತಳ ಸಿಕ್ಕಿರ್ಲಿಲ್ಲ. ನಿಮ್ಮ ಉಪಕಾರ."

ನನಗೆ ಕುಣಿಯಬೇಕೆನಿಸಿತು. "ಹಂಗಾದ್ರ ಸಂಕ್ರಾಂತಿಯಿಂದ ಕಣಕ್ಕ ಇಳಸ್ತೀರಿ?"

"ಸಂಕ್ರಾಂತಿ ತನಕ ಯಾಕ್ರಿ? ಶ್ರಾವಣದಾಗ ಮುಹೂರ್ತ ಐತಿ. ಮಾಗಳಕ್ಕ ಹೋಗಿ ಮನಿತನ ನೋಡಿ ಬಂದೆ. ನೀರಾವರಿ ಹೊಲ, ತಾಯಿ ಶಾಂತ, ಒಳಪಂಗಡನೂ ಕೂಡತೈತಿ. ಮಗಳ ಒಪ್ಪಿಗಿನೂ ಆತು. ಮದಿವಿಗೆ ನೀವ ನಿಂತು ನಡಸ್ಬೇಕು."

"ಮತ್ತ ಆಟ?"

"ಏನ್ ಮಾತಾಡ್ತೀರಿ ಮೇಷ್ಟ್ರ!" ಸಾಹುಕಾರರಿಗೆ ನಿಜವಾಗಿಯೂ ಗಾಬರಿಯಾಗಿತ್ತು. "ಮನಿ ಅಳಿಯ ಚಡ್ಡಿ ಹಾಕ್ಕಂಡು ಊರ ಮುಂದ ಜಿಗ್ಯಾದೇನ್ರಿ? ಕಾಲು ಮುರಕಂಡ್ರ ನನ್ನ ಮಗಳ ಗತಿ ಏನು?"

ಹೀಗೆ ಹತ್ತು ವರ್ಷದಲ್ಲಿ ಮೊದಲ ಬಾರಿಗೆ ನಮ್ಮ ಯಜಮಾನರು ಹೊರಗಿನಿಂದ ಒಬ್ಬ ಆಟಗಾರನನ್ನು ತಂದರು. ತಂದು ತಿಜೋರಿಯಲ್ಲಿಟ್ಟು ಬೀಗ ಹಾಕಿದರು. ಟೇಲರ್ ಸಾಹೇಬರು ಅದೇ ತೋಳಿಗೆ ಮದುವೆಯ ಕೋಟು ಹೊಲಿಯುವಾಗ ಎರಡು ಸಲ ಸೂಜಿ ಚುಚ್ಚಿಕೊಂಡರು. ಭಾವ ನನ್ನ ಮೇಲೆ ಸಿಟ್ಟಾಗಲಿಲ್ಲ. ಅದೇ ಕಷ್ಟವಾದದ್ದು. ಶಾಪಿನಲ್ಲಿ ಟ್ಯೂಬು ನೀರಲ್ಲಿ ಅದ್ದಿ ಗುಳ್ಳೆ ನೋಡುತ್ತ, "ನೀ ಭಾಳ ಚಲೋ ಕಲಿಸಿದ್ಯೋ," ಎಂದರು. "ಒಂದೀಟು ಕೆಟ್ಟದ್ದೂ ಕಲಿಸ್ಬೇಕಾಗಿತ್ತು."

ಮದುವೆ ಆಯಿತು. ಹುಡುಗ ಮಾವನ ಮನೆಯಲ್ಲೇ ಸುಖವಾಗಿದ್ದ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಮಿಲ್ಲಿನ ಕಣದ ಪಕ್ಕದಲ್ಲಿ ಬಿಳಿ ಪಂಚೆಯುಟ್ಟು ನಿಂತಾಗ ಅವನ ಬಲಗೈ ತಾನಾಗಿಯೇ ಮೇಲೇಳುತ್ತಿತ್ತು. ಆಮೇಲೆ ತಲೆ ಕೆರೆದುಕೊಂಡ ಹಾಗೆ ಮಾಡುತ್ತಿದ್ದ. ಅದನ್ನು ನಮಗಿಂತ ಮೊದಲು ಗುರುತಿಸಿದ್ದು ಅವನ ಹೆಂಡತಿ. ನವರಾತ್ರಿಯ ಹೊತ್ತಿಗೆ ಟೇಲರ್ ಸಾಹೇಬರ ಅಂಗಡಿಗೆ ಕುಪ್ಪಸದ ಬಟ್ಟೆ ಕೊಡಲು ಬಂದವಳು, ನಾನಿದ್ದದ್ದನ್ನು ನೋಡಿ ನಿಂತಳು.

"ಮೇಷ್ಟ್ರ, ನೀವು ಇಷ್ಟು ಮಂದಿ ಕೂಡಿ ನಾಕು ಪುಟ ಬರೀತೀರಿ, ಇದು ಹೊಳೀಲಿಲ್ಲೇನ್ರಿ ನಿಮಗ? ಮುಂದಿನ ತಿಂಗಳು ದೀಪಾವಳಿ. ಮೊದಲ ದೀಪಾವಳಿಗೆ ಅಳಿಯ ಮುನಸ್ಕಳ್ಳೋದು ರೂಢಿ ಐತಿಲ್ಲೋ?"

ಹೊಸ ಅಳಿಯ ಮೊದಲ ದೀಪಾವಳಿಯ ಊಟಕ್ಕೆ ಕೂತು, ಬೇಕಾದದ್ದನ್ನು ಮಾವ ಕೊಡುತ್ತೇನೆನ್ನುವ ತನಕ ಎಲೆಗೆ ಕೈ ಹಚ್ಚದಿರುವುದು ನಮ್ಮಲ್ಲಿ ಶಾಸ್ತ್ರದಷ್ಟೇ ಗಟ್ಟಿ. ಅಳಿಯ ಉಣ್ಣದೆ ಪಂಕ್ತಿಯಲ್ಲಿ ಇನ್ನಾರೂ ಉಣ್ಣುವಂತಿಲ್ಲ.

"ಅವ್ರಿಗೆ ಮುನಸ್ಕಳ್ಳಾಕ ಬರಂಗಿಲ್ಲ," ಎಂದಳು ಹುಡುಗಿ. "ನೀವ ಹೇಳಿದ್ದಕ್ಕ ಹೂಂ ಅನ್ನಾದು ಕಲಿಸೀರಿ. ಇದನ್ನೂ ಕಲಿಸ್ರಿ."

ಕಲಿಸಿದೆ. ಎರಡು ತರಗತಿ ಹಿಡಿಯಿತು.

ದೀಪಾವಳಿಯ ಊಟಕ್ಕೆ ಮದುವೆ ನಡೆಸಿದ ಹಿರಿಯರೆಂದು ನನಗೂ ಭಾವನಿಗೂ ಕರೆಯಿತ್ತು. ಸಾಲಾಗಿ ಎಲೆ. ಹೋಳಿಗೆ ಬಂತು, ತುಪ್ಪ ಬಂತು. ಅಳಿಯ ಕೈ ಕಟ್ಟಿ ಕೂತ. ಮೊದಲು ಎಲ್ಲರೂ ನಕ್ಕರು. ಸಾಹುಕಾರರು ನಗಲಿಲ್ಲ, ಅವರಿಗೆ ಈ ದಿನ ಬರುತ್ತದೆಂಬುದು ಗೊತ್ತಿತ್ತು, ಮೂರು ದಿನದಿಂದ ನಿದ್ದೆಗೆಟ್ಟಿದ್ದರು.

"ಏನ್ ಬೇಕ್ರಿ ಅಳಿಯಂದ್ರ? ಗಡಿಯಾರ ಏನು?"

ಅಳಿಯ ತಲೆ ಅಲ್ಲಾಡಿಸಿದ.

"ಉಂಗುರ?" ಅದಕ್ಕೂ ಅಷ್ಟೇ. "ಹೋಗ್ಲಿ, ಒಂದು ಮೊಪೆಡ್ಡು... ಸಣ್ಣದು?" ಸಾಹುಕಾರರ ಹಣೆಯ ವಿಭೂತಿ ಬೆವರಿಗೆ ಇಳಿಯತೊಡಗಿತು. "ಮೋಟಾರ್ ಸೈಕಲ್ಲ ಬೇಕೇನ್ರಿ?" ಎಂದಾಗ ಅವರ ದನಿ ಬಾವಿಯೊಳಗಿಂದ ಬಂದಂತಿತ್ತು.

ಹುಡುಗ ಎಲೆ ನೋಡುತ್ತ ಹೇಳಿದ: "ಅದ್ಯಾವ್ದೂ ಬ್ಯಾಡ್ರಿ ಮಾವಾರ. ಈ ವರ್ಷ ಆಡಾಕ ಬಿಡ್ರಿ. ಇವ್ರು ಎತ್ತಿದ್ದು ನಾ ಹೊಡೀಬೇಕು."

ಪಕ್ಕದ ಎಲೆಯ ಮುಂದೆ ಭಾವ ಬೆರಳುಗಳನ್ನು ಒಮ್ಮೆ ಬಿಚ್ಚಿ ಮಡಚಿದರು. ಸಾಹುಕಾರರ ಮುಖದಲ್ಲಿ ಮೊದಲು ಮೋಟಾರ್ ಸೈಕಲ್ ತಪ್ಪಿದ ಆನಂದ, ಅದರ ಬೆನ್ನಿಗೇ ಭಯ. ಮಗಳ ಕಡೆ ನೋಡಿದರು. ಮಗಳು ತುಪ್ಪದ ಗಿಂಡಿ ಹಿಡಿದು, "ಹೋಳಿಗಿ ಆರಾಕತ್ತಾವಪ್ಪ," ಎಂದಳು. ಸಾಲಿನಲ್ಲಿ ಹಸಿದ ನೆಂಟರು ಕೆಮ್ಮತೊಡಗಿದರು. ಸಾಹುಕಾರರು ಒಪ್ಪಿದರು, ಒಪ್ಪುವಾಗಲೂ ಜೋಪಾನ ಬಿಡಲಿಲ್ಲ. ಬಾಲಿಗಾಗಿ ನೆಲಕ್ಕೆ ಬೀಳಬಾರದು. ಮೊಣಕಾಲಿಗೆ ಉಣ್ಣೆಯ ಪಟ್ಟಿ ಕಟ್ಟಬೇಕು. ಬೇಕಾದ್ದಕ್ಕಿಂತ ಒಂದು ಗೇಣು ಹೆಚ್ಚಿಗೆ ಜಿಗಿಯಬಾರದು. "ಮತ್ತ ನಾ ಬ್ಯಾಡ ಅಂದಾಗ ಬ್ಯಾಡ." ಹುಡುಗ ಹೂಂ ಎಂದು ಹೋಳಿಗೆ ಮುರಿದ. ಅವನ ಹೂಂನ ಬೆಲೆ ಆ ಹೊತ್ತಿಗೆ ನಮಗೆ ತಿಳಿಯಲಿಲ್ಲ.

ಆ ಋತುವಿನಲ್ಲಿ ಭಾವ ಎತ್ತಿದ್ದೆಲ್ಲ ಗುರಿ ಮುಟ್ಟಿತು. ಹಡಗಲಿಯ ಅಣ್ಣತಮ್ಮಂದಿರನ್ನು ದಾಟಿದೆವು, ಕೂಡ್ಲಿಗಿಯಲ್ಲಿ ಹುಟ್ಟಿದವರೆಂದು ಹೇಳಿಕೊಳ್ಳುವವರನ್ನೂ ದಾಟಿದೆವು. ಫೈನಲ್ ಹರಪನಹಳ್ಳಿಯಲ್ಲಿ, ಹರಪನಹಳ್ಳಿಯ ಮೇಲೆ. ಎದುರಿಗೆ ಕೋಗಳಿಯ ಎಡಗೈ. ಸಾಹುಕಾರರಿಗೆ ಗೆರೆಯ ಪಕ್ಕದಲ್ಲೇ ಕುರ್ಚಿ. ಅಳಿಯ ನೆಲ ಬಿಟ್ಟಾಗಲೆಲ್ಲ ಅವರೂ ಕುರ್ಚಿ ಬಿಡುತ್ತಿದ್ದರು. ಇಬ್ಬರೂ ಒಟ್ಟಿಗೇ ಕೆಳಗಿಳಿಯುತ್ತಿದ್ದರು. ಅಳಿಯ ಹುಷಾರಾಗಿ ಇಳಿಯುತ್ತಿದ್ದ, ಕುರ್ಚಿ ಮಾತ್ರ ಎರಡನೆಯ ಸೆಟ್ಟಿನಲ್ಲಿ ಮುರಿಯಿತು, ಬೇರೆ ಕೊಟ್ಟರು.

ತಲಾ ಒಂದೊಂದು ಗೆದ್ದು ಮೂರನೆಯ, ಕೊನೆಯ ಸೆಟ್ಟು. ಹದಿನೈದು ಪಾಯಿಂಟಿನ ಕಾಲ ಅದು. ನಮಗೆ ಹದಿನಾಲ್ಕು, ಅವರಿಗೆ ಹದಿಮೂರು, ಸರ್ವಿಸ್ ನಮ್ಮದು. ಭಾವನ ಮೊಣಕಾಲು ಆಗಲೇ ಮಡಚುವುದನ್ನು ಬಿಟ್ಟಿತ್ತು. ಒಂದೇ ಕಾಲಿನ ಮೇಲೆ ಕೊಕ್ಕರೆಯಂತೆ ನಿಂತಿದ್ದರು. ಎದುರಿಂದ ಬಂದ ಬಾಲನ್ನು ಹಮಾಲರ ಮುಖಂಡ ಹಿಂದಿನಿಂದ ಎತ್ತಿ ಕಳಿಸಿದ. ಭಾವ ಅದರ ಕೆಳಗೆ ಹೋದರು. ಹೇಗೆ ಹೋದರೋ ತಿಳಿಯದು, ಓಡುವ ಕಾಲು ಅವರಲ್ಲಿರಲಿಲ್ಲ. ಎರಡೂ ಕೈ ಮೇಲೆತ್ತಿ ಕೊಟ್ಟರು ನೋಡಿ: ಬಾಲು ಸುತ್ತದೆ, ನಡುಗದೆ, ನೆಟ್ಟಿನ ಮೇಲೆ ಒಂದು ಮೊಳ ಎತ್ತರದಲ್ಲಿ ಯಾರೋ ದೀಪ ಇಟ್ಟ ಹಾಗೆ ನಿಂತಿತು. ಹನ್ನೆರಡು ವರ್ಷದಲ್ಲಿ ಅಂಥದನ್ನು ಅವರೂ ಎತ್ತಿರಲಿಲ್ಲ, ನಾನೂ ನೋಡಿರಲಿಲ್ಲ. ಆಚೆ ಕಡೆ ಎಡಗೈಯವನೂ ಇನ್ನೊಬ್ಬನೂ ತಡೆಯಲು ಗೋಡೆಯಂತೆ ಎದ್ದರು. ನಮ್ಮ ಹುಡುಗ ಮೂರು ಹೆಜ್ಜೆ ಓಡಿ ಬಂದು ಮೊಣಕಾಲು ಬಗ್ಗಿಸಿದ.

"ಅಳಿಯಂದ್ರಾ, ಜಿಗೀಬ್ಯಾಡ್ರೀ!"

ಎದುರಿನ ಇಬ್ಬರಿಗೆ ಅಳಿಯ ಡಿಕ್ಕಿ ಹೊಡೆದಾನೆಂದು ಹೆದರಿದ ಸಾಹುಕಾರರ ಕೂಗು ಮೈದಾನದ ಆಚೆಯ ಬೇವಿನ ಮರದ ಹಕ್ಕಿಗಳನ್ನು ಎಬ್ಬಿಸಿತು. ನಾವೇ ಕಲಿಸಿದ ಪಾಠ. ಹಿರಿಯರು ಹೇಳಿದರೆ ಎದುರಾಡಬಾರದು. ಹುಡುಗನ ಕಾಲು ನೆಲಕ್ಕೆ ಕೀಲಿಸಿಕೊಂಡಿತು. ಬಾಲು ಇಳಿಯತೊಡಗಿತ್ತು. ಬೇರೇನೂ ತೋಚದೆ ಇಪ್ಪತ್ತೇಳು ಇಂಚಿನ ತೋಳು ಚಾಚಿ, ಮಗುವಿನ ಕೆನ್ನೆ ಮುಟ್ಟುವ ಹಾಗೆ ಎರಡೇ ಬೆರಳಿಂದ ಅದನ್ನು ಮೇಲಕ್ಕೆ ತಳ್ಳಿದ. ಗೋಡೆ ಕೆಳಗಿಳಿಯುತ್ತಿತ್ತು; ಬಾಲು ಅವರ ಬೆರಳುಗಳ ಮೇಲಿಂದ ನಿಧಾನವಾಗಿ ಹಾದು, ಇಬ್ಬರ ಬೆನ್ನ ಹಿಂದೆ, ಯಾರೂ ಇಲ್ಲದಲ್ಲಿ, ಸದ್ದಿಲ್ಲದೆ ಬಿತ್ತು.

ಸೀಟಿ ಊದಿದ ಮೇಲೆಯೂ ಯಾರಿಗೂ ನಂಬಿಕೆ ಬರಲಿಲ್ಲ. ಆಮೇಲೆ ನಮ್ಮವರು ಕೂಗಿದ ಕೂಗಿಗೆ ಹರಪನಹಳ್ಳಿಯ ನಾಯಿಗಳೆಲ್ಲ ಸೇರಿಕೊಂಡವು. ಸಾಹುಕಾರರು ನಿಧಾನವಾಗಿ ಎದ್ದು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ನನ್ನ ಮತ್ತು ಟೇಲರ್ ಸಾಹೇಬರ ಮುಂದೆ ಬಂದು ನಿಂತರು.

"ನೋಡಿದ್ರೇನು? ಜೋಪಾನ ಅಂದ್ರ ಇದು."

ಹತ್ತು ವರ್ಷದ ನಮ್ಮ ಖಂಡನಾ ನಿರ್ಣಯಗಳು, ನನ್ನ ನಾಲ್ಕು ಪುಟ, ಹದಿನೇಳು ಸಹಿ, ಎಲ್ಲವೂ ಆ ಒಂದು ಮಾತಿನ ಮುಂದೆ ಮಣ್ಣು ಪಾಲಾದವು. ಕಪ್ಪು ಗೆದ್ದ ದಿನವೇ ವಾದ ಸೋತ ಅಭಿಮಾನಿಗಳು ಭೂಮಿಯ ಮೇಲೆ ನಾವಷ್ಟೇ ಇದ್ದೇವು.

ವಾಪಸು ಬರುವ ಟೆಂಪೋದಲ್ಲಿ ಹುಡುಗರು ಕುಣಿಯುತ್ತಿದ್ದರು. ಭಾವ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ನನ್ನ ತೊಡೆಯ ಮೇಲೆ ಇಟ್ಟಿದ್ದರು.

"ಕಪ್ ಬಂತಲ್ಲ ಭಾವ," ಎಂದೆ.

"ಬಂತು."

ಸ್ವಲ್ಪ ದೂರ ಹೋದ ಮೇಲೆ ಅವರೇ ಅಂದರು: "ಅದನ್ನ ಹೊಡೀಬೇಕಾಗಿತ್ತಲೇ ಅಂವ. ಮುಟ್ಟಿ ಬಿಟ್ಟ." ಇನ್ನೂ ಸ್ವಲ್ಪ ದೂರ ಹೋದ ಮೇಲೆ ನಕ್ಕರು. ನಗುವಾಗ ಕಾಲು ನೋವಾಯಿತೆಂದು ನಿಲ್ಲಿಸಿದರು.

ಅಕ್ಕ ಬಾಗಿಲಲ್ಲೇ ಇದ್ದಳು. ಹುಡುಗರು ತೋರಿಸಿದ ಕಪ್ಪಿನ ಕಡೆ ಒಂದು ಸಲ ನೋಡಿದಳು, ಕಾಲಿನ ಕಡೆ ಬಹಳ ಹೊತ್ತು ನೋಡಿದಳು. ಭಾವನನ್ನು ಮಂಚದ ಮೇಲೆ ಕೂಡಿಸಿದೆ.

"ಮುಗೀತಲ್ರಿ?" ಎಂದಳು.

"ಮುಗೀತು," ಎಂದರು ಭಾವ. ಕೊಟ್ಟ ಮಾತು.

ಅಕ್ಕ ನೀರು ತಂದು ಕೊಟ್ಟು ಪಕ್ಕದಲ್ಲಿ ಕೂತಳು. ಹನ್ನೆರಡು ವರ್ಷದಲ್ಲಿ ಆಟದ ಬಗ್ಗೆ ಒಂದು ಪ್ರಶ್ನೆ ಕೇಳಿದವಳಲ್ಲ. ಅವತ್ತು ಕೇಳಿದಳು: "ಕಡೀ ಬಾಲ್ ಹೆಂಗಿತ್ತು?"

ಭಾವನ ಮುಖ ಬೆಳಗಿತು. ಲೋಟ ಕೆಳಗಿಟ್ಟು ಎರಡೂ ಕೈ ಮೇಲೆತ್ತಿದರು. "ಹಿಂಗ ಎತ್ತಿದೆ ನೋಡು. ಒಂದು ಕೂದಲು ಅಲುಗ್ಲಿಲ್ಲ. ಮ್ಯಾಲ ನಿಂತ್ಬಿಡ್ತು ಅದು. ಅಂವ ಬಂದ, ಮೂರು ಹೆಜ್ಜಿ... ಜಿಗದ ನೋಡು, ಅವ್ರಿಬ್ರ ತಲಿ ಮ್ಯಾಲಿಂದ! ಹೊಡದ್ನಲ್ಲ, ನೆಲ ಬಿರೀತು!"

ಅಕ್ಕ ನನ್ನ ಕಡೆ ತಿರುಗಿದಳು. "ಹೌದೇನೋ?"

ಪ್ರಬಂಧದಲ್ಲಿ ಕಂಡದ್ದನ್ನು ಕಂಡಂತೆ ಬರೆಯಬೇಕೆಂದು ಮಕ್ಕಳಿಗೆ ನಾನು ಅಷ್ಟೊಂದು ವರ್ಷ ಹೇಳಿಕೊಂಡು ಬಂದಿದ್ದೆ. ಭಾವನ ಕೈಗಳು ಇನ್ನೂ ಗಾಳಿಯಲ್ಲೇ ಇದ್ದವು.

"ಹೌದಕ್ಕ," ಎಂದೆ. "ಧೂಳು ಎದ್ದಿತ್ತು."